ಸಂಶಯದ ಲಾಭ ಯಾರಿಗೆ?

ಹೈದರಾಬಾದ್–ಪುಣೆ ಹೆದ್ದಾರಿಯ ಮೇಲಿರುವ ನಮ್ಮ ಮನ್ನಾಏಖೇಳ್ಳಿಯ ಕಡೆ ನೀರು ಕೆಟ್ಟಿದೆ ಎಂದರೆ ಜನರಿಗೆ ಮೊದಲು ನೆನಪಾಗುವುದು ವಾಂತಿ-ಭೇದಿ. ಅದಕ್ಕೆ ಉಪಾಯವೂ ಗೊತ್ತು: ಕುದಿಸಿ, ಸೋಸಿ ಕುಡಿಯುವುದು. ಆದರೆ ಹೊಲದ ಯೂರಿಯಾ, ತಿಪ್ಪೆ, ಶೌಚಗುಂಡಿಗಳಿಂದ ಅಂತರ್ಜಲಕ್ಕೆ ಇಳಿಯುವ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ರಕ್ತದಿಂದ ಅಯೋಡಿನ್ ಎಳೆದುಕೊಂಡು ಹಾರ್ಮೋನು ತಯಾರಿಸುತ್ತದೆ. ಅಯೋಡಿನ್ ಒಳಹೋಗುವ ದಾರಿಯಲ್ಲೇ ನೈಟ್ರೇಟ್ ಪೈಪೋಟಿಗೆ ನಿಲ್ಲುತ್ತದೆ. ಇಷ್ಟು ಖಚಿತ. ಆದರೆ ಕುಡಿಯುವ ನೀರಿನ ನೈಟ್ರೇಟ್‌ನಿಂದ ಎಷ್ಟು ಜನರಿಗೆ ಕಾಯಿಲೆ ಬರುತ್ತದೆ ಎಂಬುದರಲ್ಲಿ ಅಧ್ಯಯನಗಳಿಗೆ ಒಮ್ಮತವಿಲ್ಲ. ಅಯೋಡಿನ್ ಕೊರತೆ, ವಂಶವಾಹಿ, ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು, ಹೀಗೆ ಕಾರಣಗಳು ಹಲವು. ಒಬ್ಬ ರೋಗಿಯನ್ನು ತೋರಿಸಿ ‘ಇದು ನೀರಿನಿಂದಲೇ’ ಎನ್ನಲಾಗದು.

ನನ್ನನ್ನು ಕಾಡುವ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಖಚಿತವಾಗದ ಹಾನಿಯ ಭಾರವನ್ನು ಯಾರು ಹೊರಬೇಕು?

ಅಪರಾಧ ಪ್ರಕರಣದಲ್ಲಿ ಸಂಶಯದ ಲಾಭ ಆರೋಪಿಗೆ ಸಿಗುತ್ತದೆ. ಆ ನಿಯಮ ಇರುವುದು ಮನುಷ್ಯರ ರಕ್ಷಣೆಗೆ. ರಾಸಾಯನಿಕಕ್ಕೂ ಅದನ್ನೇ ಅನ್ವಯಿಸಿದರೆ ನಿಯಮ ತಲೆಕೆಳಗಾಗುತ್ತದೆ. ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಕುರಿತ 1996ರ ವೆಲ್ಲೂರು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು: ವೈಜ್ಞಾನಿಕ ಖಚಿತತೆ ಇಲ್ಲ ಎಂಬುದು ಮುನ್ನೆಚ್ಚರಿಕೆಯನ್ನು ಮುಂದೂಡಲು ನೆಪವಾಗಬಾರದು, ಹಾನಿಯಿಲ್ಲವೆಂದು ತೋರಿಸುವ ಹೊಣೆ ಉದ್ಯಮದ್ದು.

ಕಾರ್ಖಾನೆಯಾದರೆ ಬೊಟ್ಟುಮಾಡಿ ತೋರಿಸಬಹುದು. ಯೂರಿಯಾ ಎರಚಿದವರು, ಗುಂಡಿ ತೋಡಿದವರು ನಾವೇ ಆದಾಗ? ಆ ನೀರು ಕುಡಿಯುವವರೂ ನಾವೇ ತಾನೇ ಎಂದು ಸುಮ್ಮನಾಗಬಹುದೆ? ಆಗದು. ಏಕೆಂದರೆ ‘ನಾವು’ ಎಂಬುದರೊಳಗೆ ಪಾಲು ಸಮವಾಗಿಲ್ಲ. ಥೈರಾಯ್ಡ್ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಅದರ ಲಕ್ಷಣಗಳಾದ ದಣಿವು, ಮೈಭಾರ, ಮುಟ್ಟಿನ ಏರುಪೇರುಗಳು ಮನೆಯಲ್ಲಿ ಕಾಯಿಲೆ ಎನಿಸಿಕೊಳ್ಳುವುದಕ್ಕೆ ಮೊದಲು ಸೋಮಾರಿತನ ಎನಿಸಿಕೊಳ್ಳುತ್ತವೆ. ಸೊಸೆ ಬೈಗುಳ ತಿನ್ನುತ್ತಾಳೆ. ನೀರಿಗೆ ಸಂಶಯದ ಲಾಭ ಸಿಗುತ್ತದೆ.

ಪುರಾವೆ ಬರಲಿ ಎಂದು ಕಾಯುವುದು ತಟಸ್ಥ ನಿಲುವಲ್ಲ. ಆ ಪುರಾವೆ ತಯಾರಾಗುವುದು ಯಾರದೋ ಮೈಯಲ್ಲಿ. ನಮ್ಮಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೋರ್‌ವೆಲ್ ನೀರು ಅದರೊಳಗಿದೆಯೇ ಎಂದು ಪರೀಕ್ಷಿಸಿ ಪಂಚಾಯಿತಿ ಗೋಡೆಯ ಮೇಲೆ ಬರೆಯಲು, ಮೀರಿದ್ದರೆ ಬೇರೆ ನೀರು ಕೊಡಲು, ದಣಿದವಳಿಗೊಂದು ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಲು ಯಾವ ಅಂತಿಮ ಪುರಾವೆಯೂ ಬೇಕಿಲ್ಲ. ತಿಳಿಯಬಲ್ಲವರು ತಿಳಿಯದೆ ಕುಳಿತರೆ, ಆ ಅಜ್ಞಾನಕ್ಕೆ ಅವರೇ ಹೊಣೆ.