ಶೌಚಾಲಯ ಯಾರದು?

ಸೆಪ್ಟೆಂಬರ್ ೧೫ ಬಂತೆಂದರೆ ಹೈದರಾಬಾದಿನ ಕನ್ನಡಿಗರಾದ ನಾವು ಸರ್ ಎಂ. ವಿಶ್ವೇಶ್ವರಯ್ಯನವರನ್ನು ಸ್ವಲ್ಪ ಗಟ್ಟಿಯಾಗಿಯೇ ನೆನೆಯುತ್ತೇವೆ. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಕೊಚ್ಚಿಹೋದ ಮೇಲೆ ನಿಜಾಮ್ ಸರ್ಕಾರ ಅವರನ್ನು ಕರೆಸಿಕೊಂಡಿತು. ಅವರ ಸಲಹೆಯ ಫಲವಾಗಿ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ಭಾಷಣಗಳಲ್ಲಿ ಇದು ತಪ್ಪದೆ ಬರುತ್ತದೆ. ಆದರೆ ೧೯೦೯ರಲ್ಲಿ ಅವರಿಗೆ ಒಪ್ಪಿಸಿದ ಕೆಲಸಗಳಲ್ಲಿ ಹೈದರಾಬಾದ್ ನಗರಕ್ಕೂ ಚಾದರ್‌ಘಾಟಿಗೂ ಒಳಚರಂಡಿಯ ಯೋಜನೆ ತಯಾರಿಸುವುದೂ ಒಂದಾಗಿತ್ತೆಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅಣೆಕಟ್ಟಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಚರಂಡಿಯ ಮುಂದೆ ನಿಲ್ಲುವವರು ಯಾರು?

ನನಗೆ ಮಾತ್ರ ಆ ಎರಡನೆಯ ಕೆಲಸವೇ ಹೆಚ್ಚು ವಿಚಾರಕ್ಕೆ ಹಚ್ಚುತ್ತದೆ. ಒಳಚರಂಡಿಯಲ್ಲಿ ಎಲ್ಲರ ಮನೆಯದೂ ಹೋಗಿ ಸೇರುವುದು ಒಂದೇ ಕೊಳವೆಗೆ. ಆ ಕೊಳವೆಗೆ ಮಡಿ ಮೈಲಿಗೆ ತಿಳಿಯದು. ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಪಾರ್ಲಿಮೆಂಟಿನ ಕಿಟಕಿಗಳೊಳಕ್ಕೇ ನುಗ್ಗಿದ ಮೇಲೆ ಲಂಡನ್ನಿನಲ್ಲಿ ದೊಡ್ಡ ಚರಂಡಿಗಳ ಕೆಲಸಕ್ಕೆ ಚಾಲನೆ ಸಿಕ್ಕಿತು. ನೆರೆಯವನಿಗೆ ಶೌಚದ ವ್ಯವಸ್ಥೆಯಿಲ್ಲದೆ ತಾನೊಬ್ಬನೇ ಆರೋಗ್ಯವಾಗಿರಲಾಗದು ಎಂಬ ತಿಳಿವಳಿಕೆ ಉಳ್ಳವರಿಗೆ ಬಂದದ್ದು ಮೂಗಿನ ಮೂಲಕ ಎನ್ನಬೇಕು.

ನೆಲದ ಕೆಳಗೆ ಹೀಗೆ ಒಂದಾಗಿರುವ ನಾವು ನೆಲದ ಮೇಲೆ ಹೇಗಿದ್ದೇವೆ? ಕಾಚಿಗುಡ, ಬರ್ಕತ್‌ಪುರದ ಹಳೆಯ ಮನೆಗಳಿಂದ ಕೂಕಟ್‌ಪಲ್ಲಿ, ಮಿಯಾಪುರದ ಅಪಾರ್ಟ್‌ಮೆಂಟುಗಳಿಗೆ ನಮ್ಮಲ್ಲಿ ಅನೇಕರು ಬಂದಿದ್ದಾಯಿತು. ನಾಲ್ಕು ಜನರ ಸಂಸಾರಕ್ಕೆ ಎರಡೋ ಮೂರೋ ಶೌಚಾಲಯ. ಅವನ್ನು ತಿಕ್ಕಿ ತೊಳೆಯಲು ಬರುವಾಕೆ ಬೆಳಿಗ್ಗೆ ಆರೂವರೆಗೆ ಬಂದರೆ ಐದು ಮನೆ ಮುಗಿಸಿ ಹೊರಡುವಾಗ ಮಧ್ಯಾಹ್ನ ಎರಡು. ಎಷ್ಟೋ ವೇಳೆ ನಾರಾಯಣಪೇಟೆಯದೋ ಮಕ್ತಲದ್ದೋ ಕಡೆಯವಳು, ನಮ್ಮ ಜೊತೆ ಕನ್ನಡದಲ್ಲೇ ಮಾತಾಡುವವಳು. ಈ ಏಳೂವರೆ ಗಂಟೆ ಆಕೆ ಎಲ್ಲಿಗೆ ಹೋಗಬೇಕು? ಕೇಳಿ ನೋಡಿ. ‘ನೀರು ಕುಡಿಯೋದಿಲ್ಲ’ ಎನ್ನುತ್ತಾರೆ. ಬೇಸಗೆಯಲ್ಲೂ ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡಿದ್ದರೆ ಮೂತ್ರದ ಸೋಂಕು ಸುಲಭವಾಗಿ ಅಂಟಿಕೊಳ್ಳುತ್ತದೆ. ಇದನ್ನು ತಿಳಿಯಲು ನನ್ನಂತೆ ಬಿ.ಎಸ್ಸಿ. ಓದಬೇಕಾಗಿಯೂ ಇಲ್ಲ.

ಆಕ್ಷೇಪಣೆಗಳನ್ನು ನಾನು ಬಲ್ಲೆ. ಶುಚಿತ್ವದ ಪ್ರಶ್ನೆ ಎನ್ನುತ್ತಾರೆ. ಹಾಗಾದರೆ ಊರಿನಿಂದ ಬಂದ ನೆಂಟರ ಆರೋಗ್ಯ ಪತ್ರವನ್ನು ನಾವು ಎಂದಾದರೂ ಕೇಳಿದ್ದುಂಟೆ? ಶೌಚಾಲಯವನ್ನು ಶುಚಿ ಮಾಡಿದ್ದೇ ಆಕೆ. ಆಕೆಯ ಕೈ ಆಗುತ್ತದೆ, ಮೈ ಆಗುವುದಿಲ್ಲ ಎಂದರೆ ಅದು ರೋಗಾಣುವಿನ ಶಾಸ್ತ್ರವಲ್ಲ, ಬೇರೆಯದೇ ಶಾಸ್ತ್ರ. ೨೦೧೦ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ವಾಸದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ಪ್ರತಿಭಟಿಸಿ, ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡರು. ಊರಿನ ಹೊಲಸು ಹೊತ್ತವರಿಗೆ ಊರಲ್ಲಿ ಜಾಗವಿಲ್ಲ. ಪತ್ರಿಕೆಯಲ್ಲಿ ಓದಿ ಛೆ ಎಂದವರು ನಾವೆಲ್ಲ. ಪ್ರಮಾಣ ಬೇರೆ ಇರಬಹುದು, ಜಾತಿ ಅದೇ ಅಲ್ಲದಿರಬಹುದು; ಲೆಕ್ಕ ಮಾತ್ರ ಅದೇ.

ಇನ್ನೊಂದು ವಾದ ಇಷ್ಟು ಹಗುರವಲ್ಲ. ಮನೆ ನನ್ನದು, ಒಳಗೆ ಯಾರು ಏನನ್ನು ಬಳಸಬೇಕೆಂಬುದು ನನ್ನ ಇಷ್ಟ. ದಸರೆಗೆ ಸೀರೆ ಕೊಡುತ್ತೇನೆ, ಮಗಳ ಫೀಸು ಕಟ್ಟುತ್ತೇನೆ, ಇದನ್ನೂ ಕೊಡಲೇಬೇಕೆಂದು ಹೇಳಲು ನೀವಾರು? ನ್ಯಾಯವಾದ ಪ್ರಶ್ನೆಯೇ. ಆದರೆ ಸೀರೆ ಕೊಡುವವರ ಸಂತೋಷ. ದೇಹಬಾಧೆ ದಸರೆಗೆ ಕಾಯುವುದಿಲ್ಲ. ಒಬ್ಬರ ದುಡಿಮೆಯನ್ನು ಗಂಟೆಗಟ್ಟಲೆ ಕರೆಸಿಕೊಂಡ ಮೇಲೆ ಆ ದುಡಿಮೆಯ ಜೊತೆ ಒಂದು ದೇಹವೂ ಬಾಗಿಲೊಳಗೆ ಬಂದಿದೆ. ೧೯೪೮ರ ಕಾರ್ಖಾನೆ ಕಾಯಿದೆ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ ಇರಲೇಬೇಕೆಂದು ಮಾಲೀಕನಿಗೆ ವಿಧಿಸಿತು. ಅದನ್ನು ದಾನವೆಂದು ಯಾವ ಮಾಲೀಕನೂ ಬೋರ್ಡು ಹಾಕಿಸುವುದಿಲ್ಲ. ನಮ್ಮ ಕಚೇರಿಯಲ್ಲಿ ನಲ್ಲಿ ಕೆಟ್ಟರೆ ಅರ್ಧ ದಿನದಲ್ಲಿ ಅರ್ಜಿ ಬರೆಯುವ ಗುಮಾಸ್ತರು ನಾವು, ನಮ್ಮ ಅಡಿಗೆಮನೆಯೂ ಇನ್ನೊಬ್ಬರ ಕಚೇರಿ ಎಂದು ಎಣಿಸುವುದಿಲ್ಲ.

ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಸೆಲ್ಲಾರಿನಲ್ಲಿ ‘ಕೆಲಸದವರಿಗೆ’ ಎಂದು ಒಂದನ್ನು ಕಟ್ಟಿರುತ್ತಾರೆ. ಚಿಲಕವಿದ್ದರೆ ದೀಪವಿಲ್ಲ, ದೀಪವಿದ್ದರೆ ನೀರಿಲ್ಲ. ಡ್ರೈವರುಗಳು ಗುಂಪಾಗಿ ಕುಳಿತಿರುವ ಜಾಗವನ್ನು ದಾಟಿ ಹೆಂಗಸರು ಹೋಗಬೇಕು. ಕಾವಲುಗಾರನಿಗೆ ಅದು ಬೇಕೇ ಬೇಕು, ಸರಿಪಡಿಸಲೂ ಬೇಕು. ಆದರೆ ಐದನೆಯ ಮಹಡಿಯಲ್ಲಿ ಪಾತ್ರೆ ತಿಕ್ಕುತ್ತಿರುವವಳನ್ನು, ಹತ್ತು ಹೆಜ್ಜೆಯ ಮೇಲೆ ಶೌಚಾಲಯವಿರುವಾಗ, ಕೆಳಗೆ ಕಳಿಸುವುದು ಹಿಂದೆ ಹೋಟೆಲುಗಳಲ್ಲಿ ಇಡುತ್ತಿದ್ದ ಪ್ರತ್ಯೇಕ ಲೋಟದಂತೆಯೇ ನನಗೆ ಕಾಣುತ್ತದೆ. ಇದಕ್ಕೆ ಒಪ್ಪದ ಸ್ನೇಹಿತರಿದ್ದಾರೆ. ಏನೂ ಇಲ್ಲದ್ದಕ್ಕಿಂತ ಅದಾದರೂ ಇರಲಿ ಎನ್ನುತ್ತಾರೆ. ಇರಲಿ, ಆದರೆ ಅಲ್ಲಿಗೇ ನಿಂತುಬಿಡುವುದು ಬೇಡ.

ಒಂದು ಮನೆಯವರು ಬಾಗಿಲು ತೆರೆದರೆ ಸಾಲದು ಎಂಬುದೂ ನಿಜ. ನಮ್ಮಲ್ಲಿ ಹೊಸದಾಗಿ ಬಂದಾಕೆಗೆ ನನ್ನ ಹೆಂಡತಿ ಮೊದಲ ದಿನವೇ ಬಚ್ಚಲು, ಶೌಚಾಲಯ ತೋರಿಸಿ, ಬೇಕಾದಾಗ ಹೋಗು, ಕೇಳಬೇಕಾಗಿಲ್ಲ ಎಂದಳು. ಮೂರು ವಾರ ಆಕೆ ಹೋಗಲಿಲ್ಲ. ನಾಲ್ಕನೆಯ ವಾರ ಒಂದು ದಿನ ಹೋಗಿಬಂದು, ಅಡಿಗೆಮನೆಯ ಬಾಗಿಲಲ್ಲಿ ನಿಂತು, ಮೆಲ್ಲಗೆ ಹೇಳಿದಳಂತೆ: ‘ಮೇಲಿನ ಮನೆ ಅಮ್ಮನವರಿಗೆ ಗೊತ್ತಾಗೋದು ಬ್ಯಾಡ್ರಿ.’