ಕಿವಿಗೆ ರೆಪ್ಪೆಯಿಲ್ಲ

ಸುಳ್ಳೆಂದು ತಿಳಿದೂ ಮನುಷ್ಯ ದೆವ್ವದ ಕಥೆಗೆ ಹೆದರುತ್ತಾನೆ. ಹೆದರಿದ ಮೇಲೂ ಅದನ್ನೇ ಮತ್ತೆ ಕೇಳಬೇಕೆಂದು ಹಂಬಲಿಸುತ್ತಾನೆ. ಇದೇಕೆ? ತರಗತಿಯಲ್ಲಿ ನವರಸಗಳ ಪಾಠ ಹೇಳುತ್ತ ‘ಭಯಾನಕ’ದ ಬಳಿಗೆ ಬಂದಾಗಲೆಲ್ಲ ಈ ಪ್ರಶ್ನೆ ನನ್ನನ್ನು ನೆಲ್ಯಾಡಿಯ ನಮ್ಮ ಮನೆಯ ಚಾವಡಿಗೆ ಕರೆದೊಯ್ಯುತ್ತದೆ.

ಮಂಗಳೂರು ಆಕಾಶವಾಣಿ ಆರಂಭವಾದದ್ದು 1976ರಲ್ಲಿ. ನಾನು ಬಾಲಕನಾಗಿದ್ದ ಎಂಬತ್ತರ ದಶಕದ ಕೊನೆಗೆ, ಬಾನುಲಿ ನಾಟಕವೆಂದರೆ ಮನೆಮಂದಿಯೆಲ್ಲ ಟ್ರಾನ್ಸಿಸ್ಟರಿನ ಸುತ್ತ ಸೇರುವ ಹೊತ್ತು. ಅಮೆರಿಕದಲ್ಲಿ 1934ರಲ್ಲಿ ಮೊದಲಾದ ‘ಲೈಟ್ಸ್ ಔಟ್’ ಎಂಬ ಭಯದ ನಾಟಕಮಾಲೆ, ದೀಪ ಆರಿಸಿ ಕೇಳಿರೆಂದು ಶ್ರೋತೃಗಳಿಗೆ ಹೇಳುತ್ತಿತ್ತು. ನಮಗೆ ಆ ಶ್ರಮವಿರಲಿಲ್ಲ. ಮಳೆಗಾಲದಲ್ಲಿ ದೀಪ ತಾನಾಗಿಯೇ ಆರುತ್ತಿತ್ತು. ಹೊರಗೆ ಅಡಕೆ ತೋಟದ ಮೇಲೆ ಮಳೆ, ಶಿರಾಡಿ ಘಾಟಿಯ ಕಡೆಗೆ ಏದುಸಿರು ಬಿಡುತ್ತ ಸಾಗುವ ಲಾರಿಗಳು. ಒಳಗೆ ಕತ್ತಲೆ, ಕತ್ತಲೆಯಲ್ಲೊಂದು ದನಿ.

“ಹೆದರುವುದೆಂತಕ್ಕೆ ಮಾರಾಯ? ಗುಡುಗೆಂದರೆ ತಗಡು ಅಲ್ಲಾಡಿಸುವುದು, ಕುದುರೆಯೆಂದರೆ ಎರಡು ಗೆರಟೆ” ಎಂದು ಅಪ್ಪ ಗುಟ್ಟು ಒಡೆಯುತ್ತಿದ್ದರು. ಗುಟ್ಟು ತಿಳಿದರೂ ಭಯ ಹೋಗಲಿಲ್ಲ. ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ಪರದೆಯ ಮೇಲಿನ ದೆವ್ವ ಬೇರೊಬ್ಬರು ಬಣ್ಣ ಬಳಿದು ಕಳುಹಿಸಿದ್ದು. ಬಾನುಲಿಯ ದೆವ್ವಕ್ಕೆ ರೂಪವಿಲ್ಲ. ಕೇಳುವವನೇ ತನ್ನೊಳಗಿನಿಂದ ಅದಕ್ಕೊಂದು ಮುಖವನ್ನು ಕಡ ಕೊಡಬೇಕು.

ನಾನು ಕೊಟ್ಟ ಮುಖ ಯಾರದೆಂದು ಹೇಳಿಬಿಡುತ್ತೇನೆ. ಆ ವರ್ಷ ಅಪ್ಪನ ಅಂಗಿಯ ಕಿಸೆಯಿಂದ ಐದು ರೂಪಾಯಿ ಕದ್ದಿದ್ದೆ. ಸಂಶಯ ಬಿದ್ದದ್ದು, ತಾಯಿಯೊಡನೆ ನಮ್ಮ ತೋಟಕ್ಕೆ ಬರುತ್ತಿದ್ದ ನನ್ನ ಪ್ರಾಯದ ಹುಡುಗನ ಮೇಲೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. “ನಾಳೆಯಿಂದ ಅವನನ್ನು ಕರೆತರುವುದು ಬೇಡ” ಎಂದರು, ಅಷ್ಟೆ. ಕೆಲವು ದಿನಗಳ ಮೇಲೆ ಬಂದ ನಾಟಕದಲ್ಲಿ, ಮೋಸಹೋಗಿ ಸತ್ತವನೊಬ್ಬ ಬಾಗಿಲು ಬಡಿದು ತನ್ನದನ್ನು ತನಗೆ ಕೊಡೆಂದು ಕೇಳುತ್ತಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಂತಹ ನಾಟಕಗಳು ಮೂಢನಂಬಿಕೆಯನ್ನು ಬೆಳೆಸುತ್ತವೆ ಎನ್ನುವವರುಂಟು. ಅವರ ಆತಂಕ ಸುಳ್ಳಲ್ಲ. ಆದರೆ ತಾಯಿತಕ್ಕಾಗಿ ಓಡಿಸುವ ಭಯ ಬೇರೆ, ತನ್ನನ್ನೇ ನೋಡಿಕೊಳ್ಳುವಂತೆ ಮಾಡುವ ಭಯ ಬೇರೆ. ನಮ್ಮ ತುಳುನಾಡಿನ ಪಾಡ್ದನವೂ ಕಿವಿಯ ಕಥೆಯೇ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು ಅರಸ ಕಡಿಸಿದ. ಅಣ್ಣನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಬಂದು ನ್ಯಾಯ ಕೇಳಿದರು ಎನ್ನುತ್ತದೆ ಅದು. ದೈವವನ್ನು ದೆವ್ವದೊಡನೆ ಎಣಿಸಲಾಗದು. ಅದು ನಂಬಿದವರ ಸತ್ಯ. ಆದರೂ ಎರಡು ಕಥೆಗಳ ಒಳಗಿನ ಮಾತು ಒಂದೇ: ಮಾಡಿದ ಅನ್ಯಾಯ ಸಾಯುವುದಿಲ್ಲ. ನಮ್ಮನ್ನು ಹೆದರಿಸುವುದೂ ಅದೇ, ಮತ್ತೆ ಕೇಳಿಸುವುದೂ ಅದೇ. ಲೆಕ್ಕ ಕೇಳುವವರು ಎಲ್ಲೋ ಇದ್ದಾರೆಂಬುದು ಭಯವೂ ಹೌದು, ಸಮಾಧಾನವೂ ಹೌದು.

ಅಪ್ಪನಿಗೆ ನಾನು ನಿಜ ಹೇಳಲಿಲ್ಲ. ಈಗ ಅಪ್ಪ ಇಲ್ಲ. ಆ ಹುಡುಗ ಎಲ್ಲಿದ್ದಾನೋ ನಾನು ವಿಚಾರಿಸಲೂ ಇಲ್ಲ. ದೆವ್ವವಿಲ್ಲವೆಂದು ವಿದ್ಯಾರ್ಥಿಗಳಿಗೆ ಧೈರ್ಯವಾಗಿಯೇ ಹೇಳುತ್ತೇನೆ. ಬಾಗಿಲು ಬಡಿಯುವವರಿಲ್ಲವೆಂದು ಮಾತ್ರ ಹೇಳಲಾರೆ.