ಸೂಟಿಯ ದಿವಸಗಳು ಯಾರಿಗೆ ಸಲ್ಲತಕ್ಕವು?

ಏಪ್ರಿಲ್ ತಿಂಗಳ ನಡುವೆ ಶಾಲೆಯ ಬಾಗಿಲು ಮುಚ್ಚಿತೆಂದರೆ, ಕುಲಗೋಡದಂಥ ಹಳ್ಳಿಗಳಲ್ಲಿ ಆರೇಳು ವರುಷದ ಕೂಸು ಮನೆಯವರಿಗೆ ಒಂದು ಚಿಂತೆಯಾಗುವದು. ತಂದೆಯು ಹೊಲಕ್ಕೆ ಹೋಗಬೇಕು, ತಾಯಿಯು ಕೂಲಿಗೆ ಹೋಗಬೇಕು. ಕೂಸನ್ನು ಏನು ಮಾಡಬೇಕು? ಒಂದು ಮನೆಯಲ್ಲಿ ಅದರ ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಿರಿಸುವರು. ಇನ್ನೊಂದು ಮನೆಯಲ್ಲಿ ಆಡುಗಳ ಹಿಂದೆ ಕಳುಹಿಸುವರು. ಮತ್ತೊಂದು ಮನೆಯಲ್ಲಿ ಮಗ್ಗಿ ಬರೆಯಲಿಕ್ಕೆ ಕೂಡ್ರಿಸುವರು. ಈ ಮೂರು ಮನೆಗಳವರೂ ತಮ್ಮ ಕೂಸನ್ನು ಪ್ರೀತಿಸುವವರೇ ಎಂಬದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಇವರು ತಮ್ಮೊಳಗೆ ಕೇಳಿಕೊಳ್ಳತಕ್ಕ ಒಂದು ಪ್ರಶ್ನೆಯು ಉಳಿದೇ ಇರುವದು: ಈ ದಿವಸಗಳು ಯಾರವು? ಮನೆಯವೋ, ಶಾಲೆಯವೋ, ಅಥವಾ ಕೂಸಿನವೋ?

ಸರಕಾರದ ಕಾಯಿದೆಯನ್ನು ನೋಡಿದರೆ ಅದು ಸಹ ಇಲ್ಲಿ ಒಂದು ಬಾಗಿಲನ್ನು ತೆರೆದಿಟ್ಟಿದೆ. 1986ರ ಬಾಲಕಾರ್ಮಿಕ ಕಾಯಿದೆಯು 2016ರಲ್ಲಿ ತಿದ್ದಲ್ಪಟ್ಟಾಗ, 14 ವರುಷ ತುಂಬದ ಮಕ್ಕಳನ್ನು ಯಾವ ಉದ್ಯೋಗದಲ್ಲಿಯೂ ಇಟ್ಟುಕೊಳ್ಳಬಾರದೆಂದು ಕಟ್ಟಳೆಯಾಯಿತು. ಆದರೆ ಶಾಲೆ ಬಿಟ್ಟ ಮೇಲೂ ಸೂಟಿಯಲ್ಲಿಯೂ ಅಪಾಯವಿಲ್ಲದ ಮನೆಗೆಲಸದಲ್ಲಿ ಕೂಸು ತನ್ನವರಿಗೆ ಸಹಾಯ ಮಾಡಬಹುದೆಂದು ಬಿಡಲ್ಪಟ್ಟಿತು, ಓದಿಗೆ ಮಾತ್ರ ಕುಂದು ಬರಬಾರದು. ಇನ್ನೊಂದು ಕಡೆಯಿಂದ, 1989ರಲ್ಲಿ ರಾಷ್ಟ್ರಗಳೆಲ್ಲಾ ಕೂಡಿ ಮಾಡಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ಕಲಮು, ವಿಶ್ರಾಂತಿಯೂ ಆಟವೂ ಕೂಸಿನ ಹಕ್ಕೆಂದು ಹೇಳುವದು. ನಮ್ಮ ದೇಶವು 1992ರಲ್ಲಿ ಇದನ್ನು ಒಪ್ಪಿಕೊಂಡಿದೆ. ಹೀಗೆ ಸೂಟಿಯಲ್ಲಿ ಕೆಲಸಕ್ಕೂ ಎಡೆಯುಂಟು, ಆಟಕ್ಕೂ ಎಡೆಯುಂಟು. ಎಷ್ಟು, ಹೇಗೆ ಎಂಬದನ್ನು ಕಾಯಿದೆಯು ನಮ್ಮ ಮನಸ್ಸಾಕ್ಷಿಗೆ ಬಿಟ್ಟಿದೆ.

ಇದನ್ನು ಓದುವ ಕೂಲಿಯವರು, “ಇವೆಲ್ಲಾ ಹೊಟ್ಟೆ ತುಂಬಿದವರ ಮಾತುಗಳು, ನಮ್ಮ ಕೂಸು ಆಡು ಕಾಯದಿದ್ದರೆ ಕಾಯುವವರು ಯಾರು?” ಎಂದು ಕೇಳಬಹುದು. ಈ ಮಾತನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಕೆಲಸವು ಕೂಸಿಗೆ ಕೆಡುಕೆಂದು ನಾವು ಹೇಳುವವರೂ ಅಲ್ಲ. ಮುತ್ಯಾನ ಸಂಗಡ ಆಡುಗಳ ಹಿಂದೆ ಹೋದ ಕೂಸು, ಯಾವ ಸೊಪ್ಪನ್ನು ಆಡು ತಿನ್ನುವದು, ಯಾವದನ್ನು ಮೂಸಿ ಬಿಡುವದು, ಮರಿಯನ್ನು ತಾಯಿ ಹೇಗೆ ಗುರುತಿಸುವದು ಎಂಬದನ್ನೆಲ್ಲಾ ಕಲಿಯುವದು. ಇದು ಯಾವ ಬೇಸಿಗೆ ಶಿಬಿರಕ್ಕೂ ಕಡಿಮೆಯಲ್ಲ. ಅದೇ ಕೂಸನ್ನು ಒಂಟಿಯಾಗಿ ಹೊತ್ತು ಮುಳುಗುವ ತನಕ ಕಾಲುವೆಯ ದಂಡೆಯಲ್ಲಿ ಬಿಟ್ಟರೆ, ಅದು ಹಿರಿಯನೊಬ್ಬನ ಬದಲಾಗಿ ದುಡಿಯುವದು; ಕಾಲು ಜಾರಿದರೆ ಕೂಗಿಗೆ ಓಗೊಡುವವರೂ ಇಲ್ಲ. ನಮ್ಮ ಸಂಗಡ ಮಾಡುವ ಕೆಲಸ ಬೇರೆ, ನಮ್ಮ ಬದಲಾಗಿ ಮಾಡುವ ಕೆಲಸ ಬೇರೆ. ಮೊಬೈಲಿಗೂ ಇದೇ ಅಳತೆಯನ್ನು ಹಿಡಿಯಬಹುದು, ಯಾಕಂದರೆ ಅನೇಕ ಮನೆಗಳಲ್ಲಿ ಅದು ತಾಯಿಯ ಬದಲಾಗಿ ಕೂಸನ್ನು ಆಡಿಸುತ್ತಿರುವದು. ಎರಡರಿಂದ ನಾಲ್ಕು ವರುಷದ ಮಕ್ಕಳನ್ನು ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆಯ ಮುಂದೆ ಕೂಡ್ರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿಯೇ ತಿಳಿಸಿದೆ.

ಮಗ್ಗಿಯ ವಿಷಯದಲ್ಲಿ ನಮ್ಮ ಸ್ವಂತ ತಪ್ಪನ್ನು ಮುಚ್ಚಿಡಲಾರೆವು. ಒಂದು ವರುಷ ನಮ್ಮ ಮನೆಯ ಕಿರಿಯವನಿಗೆ ಸೂಟಿಯ ಮೊದಲನೆಯ ದಿವಸವೇ ಹೊಸ ನೋಟುಬುಕ್ಕನ್ನು ಕೊಟ್ಟು, ದಿನಕ್ಕೆ ಎರಡು ಪುಟಗಳೆಂದು ವಿಧಿಸಿದೆವು. ಅವನು ಅಳದೆ ಬರೆದನು. ಪುಸ್ತಕವು ತುಂಬಿತು, ನಾವು ಹಿಗ್ಗಿದೆವು. ಶಾಲೆ ತೆರೆಯುವ ಹಿಂದಿನ ಸಂಜೆ ಅವನ ಮುತ್ಯಾನು, “ಸೂಟ್ಯಾಗ ಏನೇನ ನೋಡಿದ್ಯೋ ತಮ್ಮಾ?” ಎಂದು ಕೇಳಲು, ಹುಡುಗನು ಬಹಳ ಹೊತ್ತು ಯೋಚಿಸಿ, “ಗ್ವಾಡಿ ನೋಡೀನಿ, ಮುತ್ಯಾ” ಅಂದನು. ನಾವು ಅವನನ್ನು ಕೂಡ್ರಿಸಿದ ಸ್ಥಳವು ಗೋಡೆಗೆ ಎದುರಾಗಿತ್ತು. ಆ ನೋಟುಬುಕ್ಕು ಇನ್ನೂ ನಮ್ಮ ಬಳಿಯಲ್ಲಿ ಇದೆ. ಅದನ್ನು ತೆರೆದು ನೋಡಲಿಕ್ಕೆ ಮನಸ್ಸು ಬರುವದಿಲ್ಲ.

ಹಾಗಾದರೆ ಏನು ಮಾಡತಕ್ಕದ್ದು? ಮೊದಲು ಮನೆಯನ್ನೇ ನೋಡಿರಿ. ಬೇಸಿಗೆಯಲ್ಲಿ ನಮ್ಮ ಹೆಣ್ಣುಮಕ್ಕಳು ಶ್ಯಾವಿಗೆ ಹೊಸೆಯುವರು, ಹಪ್ಪಳ ಸಂಡಿಗೆ ಇಡುವರು. ಆಗ ಕೂಸನ್ನು “ದೂರ ಸರಿ” ಎಂದು ಗದರಿಸುವದರ ಬದಲಿಗೆ ಒಂದು ಮುಷ್ಟಿ ಹಿಟ್ಟನ್ನು ಅದರ ಕೈಗೆ ಕೊಡಿರಿ. ಅದರ ಶ್ಯಾವಿಗೆಯು ಹಗ್ಗದಷ್ಟು ದಪ್ಪವಾಗುವದು, ಆಗಲಿ. ಎಷ್ಟು ಸೇರು ಗೋದಿಗೆ ಎಷ್ಟು ಹಿಟ್ಟು, ಬಿಸಿಲಿಗೆ ಹಾಕಿದ್ದು ಯಾಕೆ ಒಣಗಿತು, ಇರುವೆಗೆ ದಾರಿ ಹೇಗೆ ತಿಳಿಯಿತು ಎಂಬ ಪ್ರಶ್ನೆಗಳು ತಾವಾಗಿಯೇ ಹುಟ್ಟುವವು. ಒಡೆದ ಗಡಿಗೆಯಲ್ಲಿ ನಾಲ್ಕು ಹೆಸರುಕಾಳು ಬಿತ್ತಲಿಕ್ಕೆ ಕೊಟ್ಟರೆ, ಮರುದಿವಸವೇ ಮಣ್ಣನ್ನು ಕೆದರಿ ನೋಡದೆ ಕಾಯುವ ತಾಳ್ಮೆಯನ್ನು ಕೂಸು ಕಲಿಯುವದು. ದೊಡ್ಡವರಾದ ನಾವೂ ಅದನ್ನು ಪೂರಾ ಕಲಿತಿಲ್ಲ.

ಓದುವ ಆಶೆಯುಳ್ಳ ಕೂಸಿಗೆ ಗ್ರಾಮ ಪಂಚಾಯತಿಯ ಗ್ರಂಥಾಲಯವಿದೆ. 2020ರ ನವಂಬರದಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಆರು ವರುಷದಿಂದ ಮೇಲ್ಪಟ್ಟ ಶಾಲೆಯ ಮಕ್ಕಳಿಗೆ ಹಣವಿಲ್ಲದೆ ಸದಸ್ಯತ್ವವನ್ನು ಕೊಡಲಿಕ್ಕೆ ಏರ್ಪಾಡಾಯಿತು. ಓದುಬಾರದ ತಾಯಿಯು ಸಹ ಕೂಸಿನ ಸಂಗಡ ಹೋಗಿ ಚಿತ್ರಗಳನ್ನು ನೋಡಬಹುದು. ಕೂಸು ತನಗೆ ಓದಿ ಹೇಳುವದನ್ನು ಕೇಳುವ ಸಂತೋಷವು ಅವಳದು.

ಕುಲಗೋಡದ ಮಕ್ಕಳಿಗೆ ಊರೊಳಗೇ ಒಂದು ನಿಧಿಯುಂಟು. ನಾಡೆಲ್ಲಾ ಆಡುವ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟವನ್ನು ಅಪರಾಳ ತಮ್ಮಣ್ಣನು ರಚಿಸಿದನೆಂದೂ, ಅದನ್ನು ರಂಗಕ್ಕೆ ಹೊಂದಿಸಿ ಬೆಳಸಿದವನು ಕುಲಗೋಡ ತಮ್ಮಣ್ಣನೆಂದೂ ಬಲ್ಲವರು ಹೇಳುವರು. ಕೌಜಲಗಿಯ ನಿಂಗಮ್ಮನವರು ಈ ಆಟದಿಂದಲೇ ಹೆಸರಾದರು. ಬೇರೆಯವರ ದೇವರ ಕಥೆಯೆಂದು ನಮ್ಮ ಸಭೆಯವರಲ್ಲಿ ಕೆಲವರು ಹಿಂಜರಿಯುವರು. ಅವರ ಮನಸ್ಸಾಕ್ಷಿಯನ್ನು ನಾವು ನೋಯಿಸುವದಿಲ್ಲ. ಆದರೆ ತನ್ನ ಊರಿನ ಹೆಸರನ್ನು ಹಾಡಿನ ಮೂಲಕ ದೂರದ ವರೆಗೆ ಮುಟ್ಟಿಸಿದವನೊಬ್ಬನು ಈ ಊರಲ್ಲಿ ಇದ್ದನೆಂಬದನ್ನಾದರೂ ಕೂಸು ತಿಳಿಯಲೇಬೇಕೆಂದು ನಮ್ಮ ಅಭಿಪ್ರಾಯ. ಆಟವು ರಾತ್ರಿಯೆಲ್ಲಾ ನಡೆಯುವದು. ಚಿಕ್ಕವರಿಗೆ ಮೊದಲಿನ ಒಂದು ತಾಸು ಸಾಕು.

ಇನ್ನು ಊರ ಹೊರಗೆ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯು 52 ಮೀಟರು, ಅಂದರೆ ಸುಮಾರು 170 ಅಡಿ ಕೆಳಗೆ ಬೀಳುವದು. 1887ರಿಂದ ಅಲ್ಲಿಯ ನೂಲಿನ ಗಿರಣಿಯನ್ನು ಈ ನೀರಿನ ಬಲದಿಂದ ನಡಿಸಿದರು. ಆದರೆ ಮೇ ತಿಂಗಳಲ್ಲಿ ಹೋದವರಿಗೆ ಕಾಣುವದು ಬಹಳವಾಗಿ ಬಂಡೆಯೇ. ಬಸ್ಸಿನಿಂದ ಇಳಿದು, “ಏನೂ ಇಲ್ಲ, ಸುಮ್ಮನೆ ಬಂದೆವು” ಎಂದು ಗೊಣಗುವ ತಂದೆಗಳನ್ನು ನಾವು ನೋಡಿದ್ದೇವೆ. ಕೂಸು ಹಾಗೆ ಗೊಣಗುವದಿಲ್ಲ, “ಅಪ್ಪಾ, ನೀರ ಎಲ್ಲಿ ಹೋತು?” ಎಂದು ಕೇಳುವದು. ಇದಕ್ಕೆ ಉತ್ತರ ಕೊಡುವದರಲ್ಲಿಯೇ ಆ ದಿವಸದ ಫಲವೆಲ್ಲಾ ಇದೆ. ಮಳೆಗಾಲದ ನೀರನ್ನು ಮೇಲೆ ಹಿಡಕಲ್ಲಿನ ಅಣೆಕಟ್ಟಿನಲ್ಲಿ ಕೂಡಿಟ್ಟಿರುವರು, ಧೂಪದಾಳದ ಒಡ್ಡಿನಿಂದ ಕಾಲುವೆಗೆ ತಿರುಗಿಸುವರು, ಆ ಕಾಲುವೆಯ ನೀರೇ ನಮ್ಮ ಸೀಮೆಯ ಕಬ್ಬಿಗೆ ಬರುವದು, ಉಳಿದದ್ದು ಬಾಗಲಕೋಟೆಯ ಕಡೆಗೆ ಹರಿದು ಕೃಷ್ಣೆಯನ್ನು ಕೂಡಿ ಸಮುದ್ರಕ್ಕೆ ಹೋಗುವದು ಎಂದು ತಂದೆಯು ಹೇಳಿದರೆ, ಕೂಸು ತನ್ನ ಹೊಲದ ಬದುವಿನಿಂದ ಬಂಗಾಲ ಕೊಲ್ಲಿಯ ವರೆಗೆ ಒಂದೇ ದಿವಸದಲ್ಲಿ ನಡೆದುಹೋಗುವದು. ಬಂಡೆಗಳು ಬಹು ಜಾರುವವು. ಕೂಸಿನ ಕೈಯನ್ನು ಒಂದು ಕ್ಷಣವೂ ಬಿಡಬೇಡಿರಿ, ಪಟ ತೆಗೆಯಲಿಕ್ಕೆಂದು ಅಂಚಿಗೆ ನಿಲ್ಲಿಸಲೂ ಬೇಡಿರಿ.

ಹಿಂದಿರುಗುವಾಗ ಗೋಕಾಕ ಪೇಟೆಯಲ್ಲಿ ಹಗುರವಾದ ಕಟ್ಟಿಗೆಯ ಆಟಿಗೆಗಳನ್ನು ನೋಡಿರಿ. ಅಲ್ಲಿಯ ಕಸಬುದಾರರು ಮಾಡುವ ಮಾವು, ಬಾಳೆ, ಬದನೆಗಳು ಮೊದಲ ನೋಟಕ್ಕೆ ನಿಜವಾದವೆಂದೇ ತೋರುವವು. ಇವುಗಳನ್ನು ಕೈಯಿಂದ ಮಾಡುತ್ತಾರೆಂದು ಕೂಸಿಗೆ ಹೇಳಿರಿ. ಕೊಳ್ಳಲಾರದವರು ನೋಡಿದರೂ ಆದೀತು.

ಒಂದೇ ದಿವಸದಲ್ಲಿ ಫಾಲ್ಸು, ಅಣೆಕಟ್ಟು, ಗುಡಿ, ಗುಂಬಜ ಎಂದು ಕೂಸನ್ನು ಎಳೆದಾಡುವವರೂ ಇದ್ದಾರೆ. ಏಸಾವನು ಕೂಡಿ ಪ್ರಯಾಣ ಮಾಡೋಣವೆಂದಾಗ, ಯಾಕೋಬನು ತನ್ನ ಮಕ್ಕಳು ಎಳೆಯರೆಂದು ಹೇಳಿ ಅಣ್ಣನನ್ನು ಮುಂದೆ ಕಳುಹಿಸಿ, ತಾನು ಅವರ ನಡಿಗೆಗೆ ತಕ್ಕ ಹಾಗೆ ಹಿಂದೆ ಬರುವೆನೆಂದು ಹೇಳಿದ್ದನ್ನು ನಾವೆಲ್ಲರೂ ಓದಿದ್ದೇವೆ. ಬೇರೆ ಕಡೆಗಳಲ್ಲಿ ಯಾಕೋಬನ ಯುಕ್ತಿಗಳನ್ನು ಮೆಚ್ಚದವರು ಸಹ ಇಲ್ಲಿ ಅವನ ತಂದೆತನವನ್ನು ಮೆಚ್ಚಬೇಕು. ಕೂಸು ದಾರಿಯಲ್ಲಿ ಒಂದು ಹುಳವನ್ನು ನೋಡುತ್ತಾ ಕಾಲು ತಾಸು ಕುಳಿತರೆ, ಆ ಕಾಲು ತಾಸನ್ನು ಅದಕ್ಕೆ ಬಿಡುವದು ಬಸ್ಸಿನ ದುಡ್ಡನ್ನು ಕೊಡುವದಕ್ಕಿಂತಲೂ ನಮಗೆ ಕಷ್ಟವಾಗುವದು.

ಬಸ್ಸಿನ ದುಡ್ಡಿನ ಭಾರವಾದರೋ ತಾಯಂದಿರಿಗೆ ಕಡಿಮೆಯಾಗಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೇಟಿಗೆ ಹಣವಿಲ್ಲ. ಆದರೆ ಆ ದಿವಸದ ಕೂಲಿಯು ತಪ್ಪುವದಲ್ಲಾ, ಅದನ್ನು ಯಾವ ಯೋಜನೆಯೂ ತುಂಬಿಕೊಡದು. ಕೂಲಿ ಮಾಡುವ ಒಬ್ಬ ತಾಯಿಯು ಕಳೆದ ಬೇಸಿಗೆಯಲ್ಲಿ ತನ್ನ ಮಗಳನ್ನು ಗೋಕಾಕಕ್ಕೆ ಕರೆದುಕೊಂಡು ಹೋಗಿದ್ದಳು. ನಷ್ಟವಾಯಿತಲ್ಲಾ ಎಂದು ನಾವು ಕೇಳಿದೆವು. “ಆತ್ರೀ. ಆ ವಾರ ಎಣ್ಣಿ ಕಡಿಮಿ ತಂದ್ವಿ,” ಅಂದಳು. ಹಿಂದಿರುಗುವಾಗ ಹುಡುಗಿಯು ಕಟ್ಟಿಗೆಯ ಒಂದು ಸಣ್ಣ ಮಾವಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ತಾಯಿಯ ತೊಡೆಯ ಮೇಲೆ ನಿದ್ದೆಹೋಗಿದ್ದಳಂತೆ. ಈಗ ಬಂಡೆಯ ಮೇಲೆ ನೀರು ಬಂದಿದೆಯೋ ಇಲ್ಲವೋ ನೋಡಬೇಕೆಂದು ಅವಳು ದಸರೆಯ ಸೂಟಿಗೆ ಎಷ್ಟು ದಿವಸಗಳಿವೆಯೆಂದು ಎಣಿಸುತ್ತಿದ್ದಾಳೆ.